ಪೌಂಡ್‌ಮೇಕರ್ ಪ್ರಕರಣ: ಗೇಮಿನಲ್ಲಿ ನಾಯಕ, ಕಾನೂನಿನಲ್ಲಿ ಅಪರಾಧಿ

2018ರ ಜನವರಿ ಮೊದಲ ವಾರ. ಒಂದು ಜನದ ನಾಯಕನಾಗಿ ಊರು ಕಟ್ಟಿ ದೇಶ ಬೆಳೆಸುವ ‘ಸಿವಿಲೈಸೇಷನ್ 6’ ಎಂಬ ಕಂಪ್ಯೂಟರ್ ಗೇಮಿಗೆ ‘ರೈಸ್ ಅಂಡ್ ಫಾಲ್’ ಅನ್ನುವ ಹೆಚ್ಚುವರಿ ಭಾಗ, ಅಂದರೆ ಎಕ್ಸ್‌ಪಾನ್ಷನ್ ಬರಲು ಇನ್ನೊಂದು ತಿಂಗಳಿತ್ತು. ಫೈರಾಕ್ಸಿಸ್ ಸ್ಟುಡಿಯೋದವರು ಅದರ ಹೊಸ ನಾಯಕರನ್ನು ಒಬ್ಬೊಬ್ಬರಾಗಿ ತೋರಿಸುತ್ತಾ ಬಂದಿದ್ದರು. ಆ ವಾರ ಬಂದವರು ಕೆನಡಾದ ಮೂಲನಿವಾಸಿಗಳಾದ ಕ್ರೀ ಜನ, ಅವರ ನಾಯಕ ಪೌಂಡ್‌ಮೇಕರ್.

ಗೇಮ್ ಆಡುವವರಿಗೆ ಇದು ಮಾಮೂಲಿ ಸುದ್ದಿ. ಹೊಸ ದೇಶ, ಹೊಸ ಮುಖ, ಹೊಸ ಬೋನಸ್ಸು. ಆದರೆ ಸಸ್ಕ್ಯಾಚೆವಾನ್ ಪ್ರಾಂತ್ಯದಲ್ಲಿ ಪೌಂಡ್‌ಮೇಕರ್ ಕ್ರೀ ನೇಷನ್ ಅಂತ ಒಂದು ಸಮುದಾಯ ಇವತ್ತಿಗೂ ಇದೆ. ಆತನ ಜನ ಅಲ್ಲಿದ್ದಾರೆ, ಆತನ ಸಮಾಧಿಯೂ ಅಲ್ಲೇ ಇದೆ. ಆ ಸಮುದಾಯದ ಚುನಾಯಿತ ಹೆಡ್‌ಮನ್ ಮಿಲ್ಟನ್ ಟುಟೂಸಿಸ್ ಅವರು ಕೆನಡಾದ ಪ್ರಸಾರ ಸಂಸ್ಥೆ ಸಿಬಿಸಿ ಜೊತೆ ಮಾತಾಡಿ ತಕರಾರು ತೆಗೆದರು. ಬೇರೆಯವರನ್ನು ಸೋಲಿಸಬೇಕು, ಅವರ ನೆಲ ಹಿಡಿಯಬೇಕು ಅನ್ನುವುದು ಹೊರಗಿನಿಂದ ಬಂದು ವಸಾಹತು ಮಾಡಿದವರ ಬುದ್ಧಿ. ಮೂಲನಿವಾಸಿಗಳಿಗೂ ಅದೇ ಬುದ್ಧಿ ಇತ್ತು ಅನ್ನುವ ಸುಳ್ಳನ್ನು ಈ ಗೇಮ್ ಮುಂದುವರಿಸುತ್ತದೆ, ನಮ್ಮ ಹಿರಿಯರ ದಾರಿಗೂ ಇದಕ್ಕೂ ಹೊಂದುವುದಿಲ್ಲ ಅನ್ನುವುದು ಅವರ ಮಾತಿನ ಸಾರ.

ಮುಂದೇನಾಯಿತು ಅಂದರೆ, ಗೇಮಿನ ಮಟ್ಟಿಗೆ ಏನೂ ಆಗಲಿಲ್ಲ. ಫೆಬ್ರುವರಿ 8ರಂದು ಎಕ್ಸ್‌ಪಾನ್ಷನ್ ಬಿಡುಗಡೆಯಾಯಿತು, ಅದರಲ್ಲಿ ಪೌಂಡ್‌ಮೇಕರ್ ಇದ್ದ. ಹೀಗಾಗಿ ಇದನ್ನು ಸಣ್ಣ ವಿವಾದ ಅಂತ ಮರೆತವರೇ ಜಾಸ್ತಿ. ನನಗೆ ಮಾತ್ರ, ಸ್ಟ್ರಾಟಜಿ ಗೇಮುಗಳಲ್ಲಿ ಒಂದು ಜನಕ್ಕೆ ಒಬ್ಬ ನಾಯಕನನ್ನು ಆರಿಸುವ ಕೆಲಸ ಎಲ್ಲೆಲ್ಲಿ ಎಡವುತ್ತದೆ ಅಂತ ನೋಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ. ಯಾಕಂದರೆ ಇಲ್ಲಿ ಸ್ಟುಡಿಯೋದವರು ಬೇಜವಾಬ್ದಾರಿಯಿಂದ ಕೆಲಸ ಮಾಡಿರಲಿಲ್ಲ. ತಕ್ಕಮಟ್ಟಿಗೆ ಓದಿಕೊಂಡು, ಗೌರವದಿಂದಲೇ ಮಾಡಿದ್ದರು. ಆದರೂ ಎಡವಿತು.

ಪೌಂಡ್‌ಮೇಕರ್ ಯಾರು

ಕ್ರೀ ಭಾಷೆಯಲ್ಲಿ ಆತನ ಹೆಸರು ಪೀಟಿಕ್ವಹಾನಪಿವಿಯಿನ್. ಹುಟ್ಟಿದ್ದು ಸುಮಾರು 1842ರಲ್ಲಿ. 1873ರಲ್ಲಿ ಬ್ಲ್ಯಾಕ್‌ಫುಟ್ ಜನರ ದೊಡ್ಡ ಮುಖಂಡ ಕ್ರೋಫುಟ್ ಈತನನ್ನು ದತ್ತು ತೆಗೆದುಕೊಂಡ. ಕ್ರೀ ಮತ್ತು ಬ್ಲ್ಯಾಕ್‌ಫುಟ್ ಹಳೆಯ ಶತ್ರುಗಳು. ಕ್ರೋಫುಟ್ ಮಗನನ್ನು ಕಳೆದುಕೊಂಡಿದ್ದ, ಈತನ ಮುಖದಲ್ಲಿ ಆ ಮಗನ ಹೋಲಿಕೆ ಕಂಡಿತಂತೆ. ಆ ಒಂದು ದತ್ತು ಎರಡು ಜನಗಳ ನಡುವೆ ಶಾಂತಿಗೆ ದಾರಿ ಮಾಡಿತು.

1876ರಲ್ಲಿ ಫೋರ್ಟ್ ಕಾರ್ಲ್‌ಟನ್‌ನಲ್ಲಿ ಸರ್ಕಾರದವರು ‘ಟ್ರೀಟಿ 6’ ಎಂಬ ಒಪ್ಪಂದದ ಮಾತುಕತೆಗೆ ಕೂತರು. ಕುಟುಂಬಕ್ಕೆ ಇಷ್ಟಿಷ್ಟು ನೆಲ ಅಂತ ಅಳೆದು ಕೊಡುತ್ತೇವೆ ಅಂದಾಗ ಪೌಂಡ್‌ಮೇಕರ್ ಎದ್ದು ನಿಂತ. ಇದು ನಮ್ಮ ನೆಲ, ತುಂಡು ತುಂಡು ಕತ್ತರಿಸಿ ನಮಗೇ ವಾಪಸ್ ಕೊಡಲು ಇದೇನು ಪೆಮಿಕನ್ನಾ ಅಂತ ಕೇಳಿದ. ಅಲ್ಲಿದ್ದ ದುಭಾಷಿ ಪೀಟರ್ ಎರಾಸ್ಮಸ್ ಈ ಮಾತನ್ನು ನೆನಪಿಟ್ಟು ಹೇಳಿದ್ದರಿಂದ ನಮಗೆ ಗೊತ್ತು. ಪೆಮಿಕನ್ ಅಂದರೆ ಕಾಡೆಮ್ಮೆಯ ಒಣ ಮಾಂಸ ಕುಟ್ಟಿ ಕೊಬ್ಬು ಬೆರೆಸಿ ಗಟ್ಟಿ ಮಾಡಿದ ಆಹಾರ, ಆ ಬಯಲಿನ ಜನರ ಬುತ್ತಿ. ಕೊನೆಗೆ ಆತನೂ ಒಪ್ಪಂದಕ್ಕೆ ಸೇರಿದ. ಆದರೆ ಆ ಮಾತು ನೆನಪಿರಲಿ, ಗೇಮಿನ ವಿಷಯಕ್ಕೆ ಬಂದಾಗ ಮತ್ತೆ ಬೇಕಾಗುತ್ತದೆ.

ಕೆಲವೇ ವರ್ಷಗಳಲ್ಲಿ ಕಾಡೆಮ್ಮೆ ಹಿಂಡುಗಳು ನಾಶವಾದವು. ಸರ್ಕಾರ ಕೊಡುವ ರೇಷನ್ ಮೇಲೆ ಬದುಕಬೇಕಾದ ಸ್ಥಿತಿ, ಅದನ್ನೂ ಕಡಿತ ಮಾಡಿದರು. 1885ರಲ್ಲಿ ಲೂಯಿ ರಿಯೆಲ್ ಮುಂದಾಳತ್ವದಲ್ಲಿ ಮೆಟೀಸ್ ಜನ (ಮೂಲನಿವಾಸಿ ಮತ್ತು ಯುರೋಪಿಯನ್ ಮಿಶ್ರ ಮೂಲದವರು) ಸರ್ಕಾರದ ವಿರುದ್ಧ ಬಂಡೆದ್ದರು. ಅದೇ ಹೊತ್ತಿಗೆ ಪೌಂಡ್‌ಮೇಕರ್ ತನ್ನ ಹಸಿದ ಜನರನ್ನು ಕರೆದುಕೊಂಡು ಬ್ಯಾಟಲ್‌ಫೋರ್ಡ್ ಪಟ್ಟಣಕ್ಕೆ ಹೋದ, ರೇಷನ್ ಕೇಳಲಿಕ್ಕೆ. ಪಟ್ಟಣದವರು ಹೆದರಿ ಕೋಟೆಯೊಳಗೆ ಸೇರಿಕೊಂಡರು, ಸರ್ಕಾರದ ಏಜೆಂಟ್ ಹೊರಗೇ ಬರಲಿಲ್ಲ. ಖಾಲಿ ಮನೆಗಳು ಲೂಟಿಯಾದವು. ಅದು ಯಾರ ಕೆಲಸ ಅನ್ನುವ ಜಗಳ ಇನ್ನೂ ಮುಗಿದಿಲ್ಲ.

ಮೇ 2ರ ಬೆಳಗಿನ ಜಾವ ಕೆನಡಾ ಸರ್ಕಾರದ ಕರ್ನಲ್ ಆಟರ್ ಮುನ್ನೂರಕ್ಕೂ ಹೆಚ್ಚು ಜನರ ಪಡೆ, ಫಿರಂಗಿ, ಒಂದು ಗ್ಯಾಟ್ಲಿಂಗ್ ಗನ್ ಕಟ್ಟಿಕೊಂಡು ಕಟ್ ನೈಫ್ ಹತ್ತಿರ ಈ ಜನರ ಬಿಡಾರದ ಮೇಲೆ ಬಿದ್ದ. ಹೆಂಗಸರು ಮಕ್ಕಳು ಇದ್ದ ಬಿಡಾರ ಅದು. ಯುದ್ಧ ನಡೆಸಿದ್ದು ಪೌಂಡ್‌ಮೇಕರ್ ಅಲ್ಲ, ಫೈನ್ ಡೇ ಎಂಬ ಯುದ್ಧ ನಾಯಕ. ಗಂಟೆಗಟ್ಟಲೆ ಹೊಡೆದಾಡಿ ಆಟರ್ ಸೋತು ಹಿಮ್ಮೆಟ್ಟಿದ. ಓಡುವ ಪಡೆಯನ್ನು ಬೆನ್ನಟ್ಟಿ ಮುಗಿಸಲು ಕುದುರೆ ಏರಿ ನಿಂತ ಯೋಧರನ್ನು ತಡೆದವನು ಪೌಂಡ್‌ಮೇಕರ್. ತಡೆಯದಿದ್ದರೆ ಆಟರ್ ಕಡೆಯವರು ಇನ್ನೂ ಎಷ್ಟೋ ಜನ ಸಾಯುತ್ತಿದ್ದರು ಅನ್ನುವುದರಲ್ಲಿ ಸಂಶಯವಿಲ್ಲ.

ಅದೇ ತಿಂಗಳು ಆತ ತಾನಾಗಿ ಶರಣಾದ. ಆಗಸ್ಟ್‌ನಲ್ಲಿ ರೆಜೈನಾದಲ್ಲಿ ವಿಚಾರಣೆ, ರಾಜದ್ರೋಹದ ಅಪರಾಧ, ಮೂರು ವರ್ಷ ಜೈಲು. ರಕ್ತ ಹರಿಯದಂತೆ ತಡೆಯಲು ನನ್ನಿಂದ ಆದದ್ದೆಲ್ಲ ಮಾಡಿದೆ, ಯುದ್ಧ ಬೇಕಿದ್ದರೆ ನಾನು ಇಲ್ಲಿರುತ್ತಿರಲಿಲ್ಲ, ಬಯಲಿನಲ್ಲಿರುತ್ತಿದ್ದೆ, ನೀವು ನನ್ನನ್ನು ಹಿಡಿಯಲಿಲ್ಲ, ನ್ಯಾಯ ಬೇಕು ಅಂತ ನಾನೇ ಬಂದೆ ಅಂತ ಕೋರ್ಟಿನಲ್ಲಿ ಹೇಳಿದ. ಸ್ಟೋನಿ ಮೌಂಟನ್ ಜೈಲಿನಲ್ಲಿ ಆರೋಗ್ಯ ಕೆಟ್ಟು ವರ್ಷ ತುಂಬುವ ಮೊದಲೇ ಬಿಟ್ಟರು. 1886ರ ಜುಲೈ 4ರಂದು ಸಾಕುತಂದೆ ಕ್ರೋಫುಟ್‌ನನ್ನು ನೋಡಲು ಹೋದ ಜಾಗದಲ್ಲೇ ತೀರಿಕೊಂಡ. ದೇಹದ ಅವಶೇಷಗಳನ್ನು 1967ರಲ್ಲಿ ಅಲ್ಲಿಂದ ತೆಗೆದು ಸ್ವಂತ ಊರಿಗೆ ತಂದರು.

ಇಷ್ಟು ಉದ್ದ ಯಾಕೆ ಹೇಳಿದೆ ಅಂದರೆ, 2018ರಲ್ಲಿ ಗೇಮ್ ಬಂದಾಗ ಆ ಶಿಕ್ಷೆ ಕಾನೂನಿನ ಪ್ರಕಾರ ಇನ್ನೂ ಹಾಗೇ ಇತ್ತು. ಆತನ ಮೇಲಿನ ಕಳಂಕ ತೆಗೆಯಿರಿ ಅಂತ ಆ ಸಮುದಾಯ ಸರ್ಕಾರದ ಬಾಗಿಲು ತಟ್ಟುತ್ತಲೇ ಇತ್ತು. ನಮ್ಮ ಹಿರಿಯ ಶಾಂತಿಗಾಗಿ ನಿಂತವನು, ಯುದ್ಧಕೋರ ಅಲ್ಲ ಅನ್ನುವುದೇ ಅವರ ಇಡೀ ವಾದ. ಅಂಥ ಹೊತ್ತಲ್ಲಿ ದೇಶ ಗೆಲ್ಲುವ ಗೇಮಿನ ಟ್ರೇಲರ್‌ನಲ್ಲಿ ಆತನ ಮುಖ ಬಂದರೆ ಹೇಗನಿಸಬೇಕು ಹೇಳಿ.

ಗೇಮ್ ಆತನನ್ನು ಕಟ್ಟಿದ ರೀತಿ

ಈಗ ಸ್ಟುಡಿಯೋದವರ ಕಡೆಯಿಂದ ನೋಡೋಣ. ಹಿಂದಿನ ಗೇಮುಗಳಿಗೆ ಹೋಲಿಸಿದರೆ ಇವರು ಬಹಳ ಸುಧಾರಿಸಿದ್ದರು. 2007ರಲ್ಲಿ ‘ಸಿವಿಲೈಸೇಷನ್ 4’ರ ‘ಬಿಯಾಂಡ್ ದ ಸ್ವೋರ್ಡ್’ ಬಂದಾಗ ‘ನೇಟಿವ್ ಅಮೆರಿಕ’ ಅಂತ ಒಂದೇ ದೇಶ ಮಾಡಿ ಎಲ್ಲರನ್ನೂ ಅದರೊಳಗೆ ತುರುಕಿದ್ದರು. ನಾಯಕ ಸಿಟ್ಟಿಂಗ್ ಬುಲ್, ಲಕೋಟ ಜನದವನು. ಅವನ ವಿಶೇಷ ಸೈನಿಕ ‘ಡಾಗ್ ಸೋಲ್ಜರ್’, ಅದು ಶಯೆನ್ ಜನರದ್ದು. ವಿಶೇಷ ಕಟ್ಟಡ ಟೋಟೆಮ್ ಕಂಬ, ಅದು ಎಲ್ಲೋ ಪೆಸಿಫಿಕ್ ಕರಾವಳಿಯ ಜನರದ್ದು.

ಕ್ರೀ ವಿಷಯದಲ್ಲಿ ಅಂಥ ಕಲಸುಮೇಲೋಗರ ಇಲ್ಲ. ಪೌಂಡ್‌ಮೇಕರ್ ಕ್ರೀ ಭಾಷೆಯಲ್ಲೇ ಮಾತಾಡುತ್ತಾನೆ. ವಿಶೇಷ ಘಟಕ ‘ಓಕಿಚಿತಾವ್’, ಹೊಸ ನೆಲ ಹುಡುಕುವ ಸ್ಕೌಟ್ ಬದಲಿಗೆ ಬರುತ್ತದೆ, ಶುರುವಿನಲ್ಲೇ ಒಂದು ಪ್ರಮೋಷನ್ ಫ್ರೀ. ‘ಮೆಕೆವಾಪ್’ ಎಂಬ ಬಿಡಾರ ಕಟ್ಟಬಹುದು, ಆದರೆ ಬೋನಸ್ ಅಥವಾ ಲಗ್ಜುರಿ ಸಂಪನ್ಮೂಲದ ಪಕ್ಕದಲ್ಲೇ ಕಟ್ಟಬೇಕು. ಮೈತ್ರಿ ಮಾಡಿಕೊಂಡವರು ಕಂಡ ಮ್ಯಾಪ್ ಎಲ್ಲ ನಿಮಗೂ ಕಾಣುತ್ತದೆ. ವ್ಯಾಪಾರದಿಂದ ನಿಮ್ಮ ಊರಿಗೆ ಅನ್ನ, ಎದುರಿನವರ ಊರಿಗೆ ಬಂಗಾರ. ಕಂಪ್ಯೂಟರ್ ಆಡಿಸುವ ಪೌಂಡ್‌ಮೇಕರ್‌ನ ಸ್ವಭಾವಕ್ಕೆ ‘ಐರನ್ ಕಾನ್ಫೆಡರಸಿ’ ಅಂತ ಹೆಸರು: ಎಷ್ಟಾಗುತ್ತದೋ ಅಷ್ಟು ಮೈತ್ರಿ ಬೆಳೆಸುತ್ತಾನೆ, ಮೈತ್ರಿ ಇಲ್ಲದವರನ್ನು ಕಂಡರೆ ಅಷ್ಟಕ್ಕಷ್ಟೇ. ಪಟ್ಟಿ ನೋಡಿದರೆ, ಇವರು ಆತನನ್ನು ಶಾಂತಿಯ ಮನುಷ್ಯ ಅಂತಲೇ ಅರ್ಥ ಮಾಡಿಕೊಂಡಿದ್ದರು ಅನ್ನುವುದು ಸ್ಪಷ್ಟ.

ಆದರೆ ಒಮ್ಮೆ ಆಡಿ ನೋಡಿ. ಕ್ರೀ ಆಡುವಾಗ ಎಲ್ಲರೂ ಮೊದಲು ಹುಡುಕುವುದು ಪಾಟರಿ, ಅಂದರೆ ಕುಂಬಾರಿಕೆಯ ವಿದ್ಯೆ. ಅದು ಸಿಕ್ಕ ಕೂಡಲೇ ಒಬ್ಬ ಟ್ರೇಡರ್ ಫ್ರೀಯಾಗಿ ಬರುತ್ತಾನೆ. ಅವನನ್ನು ಪಕ್ಕದ ಊರಿಗೆ ಕಳಿಸುತ್ತೀರಿ. ಆತ ಗಾಡಿ ಹೊಡೆದುಕೊಂಡು ಹೊರಟಂತೆ, ನಿಮ್ಮ ಊರಿನಿಂದ ಮೂರು ಟೈಲ್ (ಮ್ಯಾಪಿನ ಷಟ್ಕೋನ ಮನೆ) ಒಳಗಿನ, ಇನ್ನೂ ಯಾರಿಗೂ ಸೇರದ ನೆಲದ ಮೇಲೆ ಕಾಲಿಟ್ಟಲ್ಲೆಲ್ಲ ಆ ಟೈಲ್ ನಿಮ್ಮದಾಗುತ್ತದೆ. ಗಡಿಯ ಬಣ್ಣ ಆತನ ಹಿಂದೆ ಹಿಂದೆಯೇ ಹಬ್ಬುತ್ತಾ ಹೋಗುತ್ತದೆ. ಬೇರೆ ದೇಶಗಳು ಸಂಸ್ಕೃತಿ ಬೆಳೆಸಿ ಕಾಯಬೇಕು, ಇಲ್ಲ ಬಂಗಾರ ಕೊಟ್ಟು ಟೈಲ್ ಕೊಳ್ಳಬೇಕು. ಕ್ರೀ ಜನಕ್ಕೆ ಸುಮ್ನೆ ನಡೆದರೆ ಸಾಕು. ಆಟದ ಲೆಕ್ಕದಲ್ಲಿ ಇದು ಚೆಂದದ ಬೋನಸ್ಸು, ಆಡಲು ಮಜಾ ಇದೆ, ಅದರಲ್ಲಿ ಎರಡು ಮಾತಿಲ್ಲ.

ಈಗ ಪೆಮಿಕನ್ ಮಾತು ನೆನಪಿಸಿಕೊಳ್ಳಿ. ನೆಲ ತುಂಡು ಮಾಡಿ ಹಂಚುವ ವಸ್ತುವಲ್ಲ ಅಂದ ಮನುಷ್ಯನ ಜನಕ್ಕೆ, ಷಟ್ಕೋನ ಷಟ್ಕೋನವಾಗಿ ಕತ್ತರಿಸಿದ ನೆಲವನ್ನು ಎಲ್ಲರಿಗಿಂತ ಬೇಗ ಹೆಸರಿಗೆ ಮಾಡಿಕೊಳ್ಳುವ ಶಕ್ತಿ ಕೊಟ್ಟಿದ್ದಾರೆ. ಬೇಕಂತ ಮಾಡಿದ್ದಲ್ಲ. ಈ ಗೇಮಿನಲ್ಲಿ ನೆಲದ ಜೊತೆ ಇಟ್ಟುಕೊಳ್ಳಬಹುದಾದ ಸಂಬಂಧ ಒಂದೇ, ಯಾರದ್ದೂ ಅಲ್ಲದ್ದು ಯಾರದ್ದೋ ಆಗುವುದು. ಯಾವ ಜನವನ್ನು ತಂದು ಕೂರಿಸಿದರೂ ಆ ಚೌಕಟ್ಟಿನೊಳಗೇ ಕೂರಿಸಬೇಕು. ಟುಟೂಸಿಸ್ ಅವರು ಗೇಮಿನ ನಿಯಮ ಪುಸ್ತಕ ಓದಿ ಮಾತಾಡಿದ್ದರು ಅಂತ ನಾನು ಹೇಳುತ್ತಿಲ್ಲ. ಆದರೆ ಅವರ ತಕರಾರು ನಿಯಮಕ್ಕೆ ನೇರ ತಾಗುತ್ತದೆ, ಚಿತ್ರಕ್ಕಲ್ಲ. ಬಹಳ ಜನ ಗೇಮರ್‌ಗಳು ಇಲ್ಲೇ ತಪ್ಪು ತಿಳಿದರು. ಆತನನ್ನು ಒಳ್ಳೆಯವನಾಗಿ ತೋರಿಸಿದ್ದಾರಲ್ಲ, ಮೈತ್ರಿ ಅಂದಿದ್ದಾರಲ್ಲ, ಮತ್ತೇನು ಬೇಕು ಇವರಿಗೆ ಅನ್ನುವ ಧಾಟಿ. ಒಳ್ಳೆಯವನಾಗಿ ತೋರಿಸಿಲ್ಲ ಅಂತ ಅವರು ದೂರಿರಲೇ ಇಲ್ಲ.

ಇನ್ನೊಂದು ವಿಷಯ ಇದಕ್ಕಿಂತ ತೀಕ್ಷ್ಣ. ಆ ಮೈತ್ರಿಯ ಸ್ವಭಾವ ಇರುವುದು ಕಂಪ್ಯೂಟರ್ ಆಡುವ ಪೌಂಡ್‌ಮೇಕರ್‌ಗೆ ಮಾತ್ರ. ನೀವು ಆತನನ್ನು ಆರಿಸಿಕೊಂಡರೆ ಅದು ನಿಮಗೆ ಅನ್ವಯಿಸುವುದಿಲ್ಲ. ಪೌಂಡ್‌ಮೇಕರ್ ಹೆಸರಲ್ಲಿ ನೀವು ಎಲ್ಲರ ರಾಜಧಾನಿ ಹಿಡಿದು ಡಾಮಿನೇಷನ್ ವಿಕ್ಟರಿ ಪಡೆಯಬಹುದು, ಊರು ಸುಡಬಹುದು, ಕೊನೆಗೆ ಅಣುಬಾಂಬೂ ಹಾಕಬಹುದು.

ಕೆನಡಾಕ್ಕೆ ಸಿಕ್ಕ ಶಾಂತಿ

ಒಂದು ವರ್ಷದ ನಂತರ, 2019ರ ಫೆಬ್ರುವರಿಯಲ್ಲಿ, ಅದೇ ಗೇಮಿಗೆ ‘ಗ್ಯಾದರಿಂಗ್ ಸ್ಟಾರ್ಮ್’ ಬಂತು. ಅದರಲ್ಲಿ ಕೆನಡಾ ದೇಶವೇ ಬಂತು, ನಾಯಕ ವಿಲ್ಫ್ರಿಡ್ ಲೋರಿಯೆ. ಕೆನಡಾದ ವಿಶೇಷ ಗುಣ ಏನು ಗೊತ್ತಾ? ‘ಫೋರ್ ಫೇಸಸ್ ಆಫ್ ಪೀಸ್’. ಕೆನಡಾ ಯಾರ ಮೇಲೂ ದಿಢೀರ್ ಯುದ್ಧ ಸಾರುವಂತಿಲ್ಲ, ಕೆನಡಾದ ಮೇಲೂ ಯಾರೂ ಹಾಗೆ ಸಾರುವಂತಿಲ್ಲ. ಒಂದೇ ಊರಿನ ಪುಟ್ಟ ರಾಜ್ಯಗಳಾದ ಸಿಟಿ ಸ್ಟೇಟ್‌ಗಳ ಮೇಲೆ ಯುದ್ಧ ಮಾಡುವಂತೆಯೇ ಇಲ್ಲ. ಇದು ಕಂಪ್ಯೂಟರ್‌ನ ಸ್ವಭಾವ ಅಲ್ಲ, ನಿಯಮ. ಆಡುವವರು ನೀವಾದರೂ ನಿಮ್ಮ ಕೈ ಕಟ್ಟಿರುತ್ತದೆ. ಕೆನಡಾದ ವಿಶೇಷ ಘಟಕ ಮೌಂಟಿ, ಅಂದರೆ ಕುದುರೆ ಪೊಲೀಸ್, ಗೇಮಿನಲ್ಲಿ ನ್ಯಾಷನಲ್ ಪಾರ್ಕ್ ಮಾಡಿಕೊಡುತ್ತಾನೆ.

ಎರಡನ್ನೂ ಪಕ್ಕಪಕ್ಕ ಇಡಿ. ಬೆಳಗಿನ ಜಾವ ಮಲಗಿದ್ದ ಬಿಡಾರದ ಮೇಲೆ ದಿಢೀರ್ ದಾಳಿ ಮಾಡಿದ್ದು ಕೆನಡಾದ ಪಡೆ, ಅದರಲ್ಲಿ ಕುದುರೆ ಪೊಲೀಸರೂ ಇದ್ದರು. ಬೆನ್ನಟ್ಟಬೇಡಿ ಅಂತ ತನ್ನವರನ್ನು ತಡೆದದ್ದು ಪೌಂಡ್‌ಮೇಕರ್. ಗೇಮಿನಲ್ಲಿ ಶಾಂತಿ ನಿಯಮವಾಗಿ ಸಿಕ್ಕಿದ್ದು ಕೆನಡಾಕ್ಕೆ, ಪೌಂಡ್‌ಮೇಕರ್‌ಗೆ ಅದು ಬರೀ ಮೂಡು.

ಲೋರಿಯೆ ಬಗ್ಗೆ ಒಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. 1885ರಲ್ಲಿ ಪ್ರಧಾನಿ ಆಗಿದ್ದವರು ಜಾನ್ ಎ. ಮ್ಯಾಕ್‌ಡೊನಾಲ್ಡ್. ಲೋರಿಯೆ ಆಗ ವಿರೋಧ ಪಕ್ಷದಲ್ಲಿದ್ದರು, ರಿಯೆಲ್‌ನನ್ನು ಗಲ್ಲಿಗೇರಿಸಿದಾಗ ಮಾಂಟ್ರಿಯಲ್‌ನ ಸಭೆಯಲ್ಲಿ ನಾನೂ ಸಸ್ಕ್ಯಾಚೆವಾನ್ ದಂಡೆಯಲ್ಲಿ ಹುಟ್ಟಿದ್ದರೆ ಬಂದೂಕು ಹಿಡಿಯುತ್ತಿದ್ದೆ ಅಂತ ಗುಡುಗಿದ್ದರು. ಪ್ರಧಾನಿಯಾದದ್ದು 1896ರಲ್ಲಿ. ಮ್ಯಾಕ್‌ಡೊನಾಲ್ಡ್ ಬದಲು ಲೋರಿಯೆ ಬಂದರೆ ಕೆನಡಾದ ಮುಖವೇ ಬೇರೆ ಆಗುತ್ತದೆ. ಒಬ್ಬ ನಾಯಕನನ್ನು ಆರಿಸುವುದು ಅಂದರೆ ಆ ದೇಶದ ಯಾವ ನೆನಪನ್ನು ಮುಂದೆ ಇಡುತ್ತೀರಿ ಅಂತ ಆರಿಸಿದ ಹಾಗೆಯೇ, ಅಲ್ವಾ?

ಅದೇ 2019ರ ಮೇ 23ರಂದು ಪ್ರಧಾನಿ ಜಸ್ಟಿನ್ ಟ್ರುಡೋ ಪೌಂಡ್‌ಮೇಕರ್ ಕ್ರೀ ನೇಷನ್‌ಗೇ ಹೋಗಿ, ಪೌಂಡ್‌ಮೇಕರ್ ನಿರಪರಾಧಿ ಅಂತ ಘೋಷಿಸಿ ಕ್ಷಮೆ ಕೇಳಿದರು. 1885ರಿಂದ ಲೆಕ್ಕ ಹಾಕಿದರೆ 134 ವರ್ಷ. ಗೇಮ್ ಆತನನ್ನು ಕ್ರೀ ಜನರ ನಾಯಕ ಅಂತ ಕರೆದು ಆಗಲೇ ಒಂದು ವರ್ಷದ ಮೇಲಾಗಿತ್ತು. ಗೇಮಿನಿಂದ ಆತನ ಹೆಸರು ಜಗತ್ತಿಗೆಲ್ಲ ಗೊತ್ತಾಯಿತಲ್ಲ ಅನ್ನುವ ವಾದವೂ ಇದೆ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಸಸ್ಕ್ಯಾಚೆವಾನ್ ಎಲ್ಲಿದೆ ಅಂತ ಗೊತ್ತಿಲ್ಲದ ಬೆಂಗಳೂರಿನ ಹುಡುಗರಿಗೂ ಈಗ ಪೌಂಡ್‌ಮೇಕರ್ ಗೊತ್ತು. ಗೊತ್ತಿರುವುದು ಏನು ಅನ್ನುವುದು ಬೇರೆ ಪ್ರಶ್ನೆ: ಟ್ರೇಡರ್ ಬೋನಸ್ಸು.

ಕೇಳುವುದು ಯಾವಾಗ

ಮೂಲನಿವಾಸಿಗಳನ್ನು ಮೊದಲು ಕೇಳಬೇಕು ಅನ್ನುವ ಪಾಠ ಇದೇ ಸ್ಟುಡಿಯೋಗೆ ಐದು ವರ್ಷ ಮುಂಚೆಯೇ ಸಿಕ್ಕಿತ್ತು. ‘ಸಿವಿಲೈಸೇಷನ್ 5’ರ 2013ರ ಎಕ್ಸ್‌ಪಾನ್ಷನ್‌ನಲ್ಲಿ ಪ್ಯೂಬ್ಲೋ ಜನರನ್ನು ತರಬೇಕು, 1680ರಲ್ಲಿ ಸ್ಪೇನಿನವರ ವಿರುದ್ಧ ದಂಗೆ ಎಬ್ಬಿಸಿದ ಪೊಪೇ ನಾಯಕನಾಗಬೇಕು ಅಂತಿತ್ತು. ಪ್ಯೂಬ್ಲೋ ಮುಖಂಡರ ಮಂಡಳಿ, ಆತನನ್ನು ಹೀಗೆ ಚಿತ್ರಿಸುವುದು ನಮ್ಮ ನಂಬಿಕೆಗೆ ಅಪಚಾರ ಅಂದಿತು. ಸ್ಟುಡಿಯೋದವರು ಪ್ಯೂಬ್ಲೋ ಕೈಬಿಟ್ಟು ಶೋಶೋನಿ ಜನರನ್ನು ತಂದರು. ಅಲ್ಲಿ ‘ಬೇಡ’ ಅನ್ನುವ ಮಾತು ಗೇಮ್ ಬರುವ ಮೊದಲೇ ಕೇಳಿಸಿತು, ಅದಕ್ಕೆ ಬೆಲೆ ಬಂತು. ಕ್ರೀ ವಿಷಯದಲ್ಲಿ ಹೆಡ್‌ಮನ್ ಮಾತು ಊರಿಗೆಲ್ಲ ಕೇಳಿದ್ದು ಟ್ರೇಲರ್ ಬಂದ ಮೇಲೆ. ಬಿಡುಗಡೆಗೆ ಒಂದು ತಿಂಗಳಿರುವಾಗ ಧ್ವನಿ, ಅನಿಮೇಷನ್, ಸಂಗೀತ ಎಲ್ಲ ಮುಗಿದಿರುತ್ತದೆ, ಆಗ ಯಾರು ಏನು ಹೇಳಿದರೂ ಕೇಳಿಸಿಕೊಳ್ಳಬಹುದು ಅಷ್ಟೇ.

ನಮ್ಮ ಕಡೆಯೂ ಒಂದು ಹೋಲಿಕೆ ಸಿಗುತ್ತದೆ. 1991ರ ಮೊದಲ ಗೇಮಿನಿಂದ ಆರನೇ ಗೇಮಿನವರೆಗೂ ಭಾರತಕ್ಕೆ ಗಾಂಧೀಜಿ. ಪ್ರೋಗ್ರಾಮಿನ ತಪ್ಪಿನಿಂದ ಅವರು ಅಣುಬಾಂಬ್ ಹಾಕುತ್ತಿದ್ದರು ಅನ್ನುವ ಕಥೆ ಇಂಟರ್ನೆಟ್ ತುಂಬ ಓಡಾಡಿತು. ಅಂಥ ತಪ್ಪೇ ಇರಲಿಲ್ಲ ಅಂತ ಗೇಮಿನ ಜನಕ ಸಿಡ್ ಮೈಯರ್ 2020ರಲ್ಲಿ ಹೇಳಿದರು. ಮಧ್ಯೆ ಐದನೇ ಗೇಮಿನಲ್ಲಿ ಸ್ಟುಡಿಯೋದವರೇ ಅದನ್ನು ತಮಾಷೆಯಾಗಿ ಸೇರಿಸಿದ್ದರು. ನಮ್ಮ ಹುಡುಗರು ಅದರ ಮೀಮ್ ಮಾಡಿ ನಕ್ಕರು, ಈಗಲೂ ನಗುತ್ತಾರೆ. ಯಾಕೆ ನಗಲು ಆಗುತ್ತದೆ ಅಂದರೆ ಗಾಂಧೀಜಿ ನೋಟಿನ ಮೇಲಿದ್ದಾರೆ, ಪಾಠದಲ್ಲಿದ್ದಾರೆ, ಪ್ರತಿ ಊರಿಗೊಂದು ಎಂ.ಜಿ. ರಸ್ತೆ ಇದೆ. ಒಂದು ಗೇಮ್ ಏನಂದರೂ ಆ ಹೆಸರು ಅಲ್ಲಾಡುವುದಿಲ್ಲ. ಜೊತೆಗೆ ಪೌಂಡ್‌ಮೇಕರ್ ಬಂದ ಅದೇ ಎಕ್ಸ್‌ಪಾನ್ಷನ್‌ನಲ್ಲಿ ಭಾರತಕ್ಕೆ ಚಂದ್ರಗುಪ್ತ ಎರಡನೇ ನಾಯಕನಾಗಿ ಬಂದ. ಶಾಂತಿ ಬೇಕಾದರೆ ಒಬ್ಬರು, ದಂಡಯಾತ್ರೆ ಬೇಕಾದರೆ ಇನ್ನೊಬ್ಬರು. ಕ್ರೀ ಜನಕ್ಕೆ ಸಿಕ್ಕಿದ್ದು ಒಬ್ಬನೇ, ಆತನ ಹೆಸರು ಆಗಿನ್ನೂ ಅಪರಾಧಿಗಳ ಪಟ್ಟಿಯಲ್ಲಿ.

ಗಾಂಧೀಜಿ ಬಿಟ್ಟು ಇನ್ನೂ ಇತ್ಯರ್ಥವಾಗದ ಹೆಸರೊಂದನ್ನು ಊಹಿಸಿ ನೋಡಿ, ಮೈಸೂರಿಗೆ ಟಿಪ್ಪು ಅಂತ. 2015ರಲ್ಲಿ ಒಂದು ಸರ್ಕಾರ ಜಯಂತಿ ಶುರು ಮಾಡಿತು, 2019ರಲ್ಲಿ ಇನ್ನೊಂದು ನಿಲ್ಲಿಸಿತು. ಅಂಥವನನ್ನು ಟ್ರೇಲರ್‌ನಲ್ಲಿ ತೋರಿಸಿದರೆ ಮೀಮ್ ಮಾಡಿಕೊಂಡು ಸುಮ್ಮನಿರುತ್ತೇವಾ?

ಮುಖವೇ ಬೇಡ ಅನ್ನುವ ದಾರಿಯೂ ಇದೆ. ‘ಯೂರೋಪಾ ಯೂನಿವರ್ಸಾಲಿಸ್ 4’ ಅನ್ನುವ ಇನ್ನೊಂದು ಸ್ಟ್ರಾಟಜಿ ಗೇಮ್ ಶುರುವಾಗುವುದು 1444ರ ನವೆಂಬರ್ 11ಕ್ಕೆ. ಮ್ಯಾಪಿನಲ್ಲಿ ವಿಜಯನಗರ ಒತ್ತಿದರೆ ಆಗ ಪಟ್ಟದಲ್ಲಿದ್ದ ಇಮ್ಮಡಿ ದೇವರಾಯನೇ ರಾಜ. ಆತ ಸತ್ತರೆ ಮುಂದಿನವನು. ವಿಜಯನಗರಕ್ಕೆ ಯಾರು ಸರಿಯಾದ ಮುಖ ಅಂತ ಜಗಳವೇ ಹುಟ್ಟುವುದಿಲ್ಲ. ಆದರೆ ಗೇಮ್ ಬಾಕ್ಸಿನ ಮೇಲೆ ಮುಖ ಬೇಕು, ಎದುರಾಳಿ ಕಣ್ಣಲ್ಲಿ ಕಣ್ಣಿಟ್ಟು ಬೈಯಬೇಕು; ಆ ಮಜಾ ಸಿವಿಲೈಸೇಷನ್‌ನಲ್ಲಿ ಮಾತ್ರ ಸಿಗುತ್ತದೆ. ಅದನ್ನು ಬಿಡಿ ಅಂದರೆ ನಾನೂ ಬಿಡಲಾರೆ.

2025ರ ಫೆಬ್ರುವರಿಯಲ್ಲಿ ಬಂದ ಏಳನೇ ಗೇಮಿನಲ್ಲಿ ನಾಯಕನನ್ನೂ ದೇಶವನ್ನೂ ಬೇರೆ ಬೇರೆ ಮಾಡಿದರು. ಅಶೋಕನನ್ನು ಹಿಡಿದು ರೋಮ್ ಆಳಬಹುದು. ಅದರಲ್ಲಿ ಅಮೆರಿಕದ ಮೂಲನಿವಾಸಿಗಳಾದ ಶಾನೀ ಜನ, ಅವರ ನಾಯಕ ಟೆಕುಮ್ಸೆ ಬಂದಾಗ ಸ್ಟುಡಿಯೋದವರು ಮೊದಲೇ ಶಾನೀ ಸಮುದಾಯದ ಮುಖ್ಯಸ್ಥ ಬೆನ್ ಬಾರ್ನ್ಸ್ ಅವರ ಜೊತೆ ಕೂತು ಕೆಲಸ ಮಾಡಿದರು. ಟೆಕುಮ್ಸೆ ಶಾನೀ ಭಾಷೆಯಲ್ಲೇ ಮಾತಾಡುತ್ತಾನೆ, ಆ ಭಾಷೆಯನ್ನು ಉಳಿಸಿ ಬೆಳೆಸುವ ಕೆಲಸಕ್ಕೆ ಕಂಪನಿ ಹಣವನ್ನೂ ಕೊಟ್ಟಿತು. 2018ಕ್ಕೆ ಹೋಲಿಸಿದರೆ ಇದು ದೊಡ್ಡ ಬದಲಾವಣೆ, ಮೆಚ್ಚಲೇಬೇಕು. ನಿಯಮ ಮಾತ್ರ ಬೇರೆ ಕಥೆ. ಶಾನೀ ಜನ ಬರುವುದು ಗೇಮಿನ ‘ಎಕ್ಸ್‌ಪ್ಲೋರೇಷನ್’ ಯುಗದಲ್ಲಿ. ಬಿಡುಗಡೆಯಾದಾಗ ಆ ಯುಗದ ಆರ್ಥಿಕ ಗುರಿ ಹೀಗಿತ್ತು: ಸಮುದ್ರ ದಾಟಿ ದೂರದ ನೆಲದಲ್ಲಿ ಊರು ಕಟ್ಟಬೇಕು, ಅಲ್ಲಿನ ಸಂಪತ್ತನ್ನು ‘ಟ್ರೆಷರ್ ಫ್ಲೀಟ್’ ಹಡಗುಗಳಲ್ಲಿ ತುಂಬಿಸಿ ತಾಯ್ನಾಡಿಗೆ ತರಬೇಕು. ಟೆಕುಮ್ಸೆ ಆಡುವವರಿಗೂ ಪಾಯಿಂಟ್ ಸಿಗುವುದು ಹಾಗೆಯೇ.